ಆರಿಸದೆ ಬಿಟ್ಟ ವಾಲ್ವುಗಳು

ನಮ್ಮ ಮನೆಯಲ್ಲಿ ತಂದೆಯವರ ಕಾಲದ ಒಂದು ವಾಲ್ವ್ ರೇಡಿಯೊ ಇತ್ತು. ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷವಾದರೂ ಕಾಯಬೇಕಿತ್ತು. ಹಿಂಬದಿಯ ರಟ್ಟಿನ ತೂತುಗಳಿಗೆ ಕಣ್ಣು ಹಚ್ಚಿ ನೋಡಿದರೆ ವಾಲ್ವುಗಳೆಂಬ ಗಾಜಿನ ಬುರುಡೆಗಳೊಳಗೆ ತಂತಿಗಳು ಮೊದಲು ಮಸುಕಾಗಿ ಕೆಂಪೇರಿ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗುವುದು ಕಾಣುತ್ತಿತ್ತು. ಅಷ್ಟಾದ ಮೇಲೆ ಎಲ್ಲೋ ದೂರದಿಂದ ಬಂದಂತೆ ಧ್ವನಿ ಮೂಡುತ್ತಿತ್ತು. ಆ ರೇಡಿಯೊ ಕೆಟ್ಟಾಗಲೆಲ್ಲ ಕೆಟ್ಟದ್ದು ಬೆಳಿಗ್ಗೆ, ಗುಂಡಿ ತಿರುಗಿಸಿದ ಗಳಿಗೆಯಲ್ಲಿ. ಹಾಡು ಕೇಳುತ್ತಿರುವಾಗ ನಡುವೆ ಅದು ಕೈಕೊಟ್ಟ ನೆನಪು ನನಗಿಲ್ಲ. ಮುಂದೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ತಯಾರಾದ, ಕರೆಗಳನ್ನು ತಾನಾಗಿ ಜೋಡಿಸುವ ಸ್ಟ್ರೌಜರ್ ಯಂತ್ರಗಳ ಸಾಲುಗಳ ನಡುವೆ ಹಗಲು ರಾತ್ರಿ ಪಾಳಿ ಮಾಡುತ್ತಾ, ಹಿರಿಯರಿಂದ ಮೊದಲು ಕಲಿತದ್ದು ಎಕ್ಸ್‌ಚೇಂಜನ್ನು ಆರಿಸುವ ಮಾತೇ ಇಲ್ಲ ಎಂಬುದನ್ನು. ಕರೆಂಟು ಹೋದರೂ ಬ್ಯಾಟರಿ ಕೋಣೆ ಅದನ್ನು ನಡೆಸುತ್ತಿತ್ತು. ಅದು ನಿಂತರೆ ಊರೇ ಮೂಕವಾದಂತೆ.

ಈ ಎರಡು ಅನುಭವಗಳು ಒಂದಕ್ಕೊಂದು ಸಂಬಂಧಪಟ್ಟವು ಎಂದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ, ಟಾಮಿ ಫ್ಲವರ್ಸ್ ಎಂಬ ಇಂಗ್ಲಿಷ್ ಎಂಜಿನಿಯರನ ಜೀವನವನ್ನು ಓದಿದಾಗ. ಕಂಪ್ಯೂಟರಿನ ಚರಿತ್ರೆ ಎಂದರೆ ನಮ್ಮಲ್ಲಿ ಬ್ಯಾಬೇಜ್ ಮತ್ತು ಟ್ಯೂರಿಂಗ್ ಅವರ ಹೆಸರುಗಳು ಬರುತ್ತವೆ, ಫ್ಲವರ್ಸ್ ಹೆಸರು ಬರುವುದು ಅಪರೂಪ. ಅವರು ಗಣಿತಜ್ಞರಲ್ಲ, ಪ್ರೊಫೆಸರ್ ಅಲ್ಲ. ಅಂಚೆ ಇಲಾಖೆಯ ಟೆಲಿಫೋನ್ ಎಂಜಿನಿಯರ್. ಆ ಕೆಲಸದಲ್ಲಿ ಪಳಗಿದ್ದರಿಂದಲೇ ಅವರಿಗೆ ಗೊತ್ತಿದ್ದ ಒಂದು ಸಂಗತಿ ಅಂದಿನ ದೊಡ್ಡ ದೊಡ್ಡ ವಿದ್ವಾಂಸರಿಗೆ ಗೊತ್ತಿರಲಿಲ್ಲ ಎಂಬುದು ನನ್ನಂಥವನಿಗೆ ಅತ್ಯಂತ ಹತ್ತಿರದ ವಿಷಯವಾದ್ದರಿಂದ ಈ ಬರಹ.

ಥಾಮಸ್ ಹೆರಾಲ್ಡ್ ಫ್ಲವರ್ಸ್ ಹುಟ್ಟಿದ್ದು 1905ರ ಡಿಸೆಂಬರ್ 22ರಂದು, ಲಂಡನ್ನಿನ ಪೂರ್ವ ಭಾಗದ ಪಾಪ್ಲರ್ ಎಂಬ ಬಡವರ ಬಡಾವಣೆಯಲ್ಲಿ. ತಂದೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ಹುಡುಗನಿಗೆ ತಂಗಿ ಹುಟ್ಟಿದ ಸುದ್ದಿ ತಿಳಿಸಿದಾಗ, ಅದಕ್ಕಿಂತ ಒಂದು ಮೆಕ್ಯಾನೋ ಆಟದ ಪೆಟ್ಟಿಗೆ ಬಂದಿದ್ದರೆ ಚೆನ್ನಾಗಿತ್ತು ಎಂದನಂತೆ. ವೂಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಹಗಲು ಅಪ್ರೆಂಟಿಸ್ ಆಗಿ ದುಡಿಯುತ್ತಾ, ಸಂಜೆಯ ತರಗತಿಗಳಲ್ಲಿ ಕುಳಿತು ಲಂಡನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿ ಪಡೆದರು. 1926ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ದೂರಸಂಪರ್ಕ ವಿಭಾಗಕ್ಕೆ ಸೇರಿದರು, 1930ರಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಡಾಲಿಸ್ ಹಿಲ್ ಸಂಶೋಧನಾ ಕೇಂದ್ರಕ್ಕೆ ಬಂದರು.

ಆ ಕಾಲದ ಎಕ್ಸ್‌ಚೇಂಜುಗಳೆಲ್ಲ ರಿಲೇಗಳಿಂದ ನಡೆಯುತ್ತಿದ್ದವು. ರಿಲೇ ಎಂದರೆ ವಿದ್ಯುತ್ ಹರಿದಾಗ ಅಯಸ್ಕಾಂತವಾಗಿ ಒಂದು ಸಣ್ಣ ಲೋಹದ ನಾಲಿಗೆಯನ್ನು ಎಳೆದು ಸಂಪರ್ಕ ಕೂಡಿಸುವ ಸಾಧನ. ಅದು ಕೂಡಿದಾಗ ಬರುವ ಟಕ್ ಎಂಬ ಸದ್ದು ಸಾವಿರಗಟ್ಟಲೆ ಸೇರಿ ಮಳೆ ಹೊಯ್ದ ಹಾಗೆ ಕೇಳುತ್ತಿದ್ದ ಕೋಣೆಗಳಲ್ಲಿ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ಲೋಹ ಚಲಿಸಬೇಕಾದ್ದರಿಂದ ರಿಲೇಯ ವೇಗಕ್ಕೆ ಮಿತಿಯುಂಟು. ವಾಲ್ವಿನೊಳಗೆ ಚಲಿಸುವುದು ಎಲೆಕ್ಟ್ರಾನುಗಳು ಮಾತ್ರ, ಹಾಗಾಗಿ ಅದು ರಿಲೇಗಿಂತ ಸಾವಿರಾರು ಪಟ್ಟು ವೇಗವಾಗಿ ತೆರೆದು ಮುಚ್ಚಬಲ್ಲದು. ಆದರೆ ವಾಲ್ವು ಸುಟ್ಟುಹೋಗುವ ವಸ್ತು, ಹತ್ತಿಪ್ಪತ್ತು ಇದ್ದರೆ ಸರಿ, ಸಾವಿರ ಜೋಡಿಸಿದರೆ ಸದಾ ಯಾವುದಾದರೊಂದು ಕೆಟ್ಟೇ ಇರುತ್ತದೆ ಎಂಬುದು ಎಲ್ಲರ ನಂಬಿಕೆ. ಫ್ಲವರ್ಸ್ 1930ರ ದಶಕದಲ್ಲೇ ದೂರದ ಕರೆಗಳ ಸಂಕೇತ ವ್ಯವಸ್ಥೆಗಾಗಿ ಮೂರು ನಾಲ್ಕು ಸಾವಿರ ವಾಲ್ವುಗಳ ಸಲಕರಣೆಯನ್ನು ಕಟ್ಟಿ ನಡೆಸಿ ನೋಡಿದ್ದರು. ಅದರಿಂದ ಅವರು ಕಂಡುಕೊಂಡದ್ದು ಬಹಳ ಸರಳವಾದ ಸತ್ಯ: ವಾಲ್ವು ಸಾಮಾನ್ಯವಾಗಿ ಸಾಯುವುದು ಉರಿಯುವಾಗಲ್ಲ, ತಣ್ಣಗಿದ್ದ ತಂತಿಗೆ ಒಮ್ಮೆಲೇ ವಿದ್ಯುತ್ ನುಗ್ಗಿದಾಗ. ಅದನ್ನು ಆರಿಸದೆ ಬಿಟ್ಟರೆ, ತಂತಿಗೆ ಕೊಡುವ ವೋಲ್ಟೇಜನ್ನು ತುಸು ಇಳಿಸಿಟ್ಟರೆ, ಅದು ವರ್ಷಗಟ್ಟಲೆ ಬಾಳುತ್ತದೆ. ರೇಡಿಯೊವನ್ನು ದಿನಾ ಹಚ್ಚಿ ಆರಿಸುವವರಿಗೆ ಇದು ಹೊಳೆಯುವುದು ಕಷ್ಟ. ಎಕ್ಸ್‌ಚೇಂಜು ಎಂದೂ ಆರದ ಯಂತ್ರವಾದ್ದರಿಂದ ಎಕ್ಸ್‌ಚೇಂಜಿನವರ ಕಣ್ಣಿಗೆ ಇದು ಬಿತ್ತು.

1939ರ ಆಗಸ್ಟಿನ ಕೊನೆಯಲ್ಲಿ ಫ್ಲವರ್ಸ್ ಕಚೇರಿಯ ಕೆಲಸಕ್ಕಾಗಿ ಬರ್ಲಿನ್‌ನಲ್ಲಿದ್ದರು. ತಕ್ಷಣ ಹೊರಡಿ ಎಂದು ಬ್ರಿಟಿಷ್ ರಾಯಭಾರ ಕಚೇರಿ ತಿಳಿಸಿದ್ದರಿಂದ, ಗಡಿ ಮುಚ್ಚುವುದಕ್ಕೆ ಕೆಲವೇ ಗಂಟೆಗಳ ಮುಂಚೆ ಹಾಲೆಂಡಿಗೆ ದಾಟಿದರು. ಒಂದೆರಡು ತಾಸು ತಡವಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

1941ರಲ್ಲಿ ಅವರಿಗೆ ಬ್ಲೆಚ್ಲಿ ಪಾರ್ಕಿನಿಂದ ಕರೆ ಬಂತು. ಜರ್ಮನ್ ಸೇನೆಯ ಗೂಢಲಿಪಿಗಳನ್ನು ಬಿಡಿಸುವ ಆ ಗುಪ್ತ ಕೇಂದ್ರದಲ್ಲಿ ಆಲನ್ ಟ್ಯೂರಿಂಗ್ ಅವರಿಗೆ ರಿಲೇ ಯಂತ್ರವೊಂದು ಬೇಕಾಗಿತ್ತು. ಆ ಯಂತ್ರದಿಂದ ಹೆಚ್ಚಿನ ಪ್ರಯೋಜನ ಆಗಲಿಲ್ಲ, ಆದರೆ ಟ್ಯೂರಿಂಗ್ ಅವರಿಗೆ ಈ ಟೆಲಿಫೋನ್ ಎಂಜಿನಿಯರನ ಮೇಲೆ ಭರವಸೆ ಹುಟ್ಟಿ, ಗಣಿತಜ್ಞ ಮ್ಯಾಕ್ಸ್ ನ್ಯೂಮನ್ ಅವರಿಗೆ ಪರಿಚಯಿಸಿದರು.

ನ್ಯೂಮನ್ ಅವರ ಮುಂದಿದ್ದ ಸಮಸ್ಯೆ ಎನಿಗ್ಮಾ ಎಂಬ ಹೆಸರಾಂತ ಜರ್ಮನ್ ಗೂಢಲಿಪಿ ಯಂತ್ರದ್ದಲ್ಲ, ಬೇರೊಂದರದ್ದು. ಜನ ಈ ಎರಡನ್ನೂ ಕಲಸಿಬಿಡುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಿಟ್ಲರನ ಸೇನಾ ವರಿಷ್ಠರು ತಮ್ಮ ದಂಡನಾಯಕರೊಂದಿಗೆ ಮಾತಾಡಲು ಬಳಸುತ್ತಿದ್ದದ್ದು ಲೊರೆಂಟ್ಸ್ ಎಂಬ ಕಂಪನಿಯ ಟೆಲಿಪ್ರಿಂಟರ್ ಗೂಢಲಿಪಿ ಯಂತ್ರವನ್ನು. ಬ್ಲೆಚ್ಲಿಯವರು ಅದಕ್ಕೆ ಇಟ್ಟ ಗುಟ್ಟಿನ ಹೆಸರು ಟನ್ನಿ. ಟೆಲಿಪ್ರಿಂಟರಿನಲ್ಲಿ ಪ್ರತಿ ಅಕ್ಷರವೂ ಕಾಗದದ ಪಟ್ಟಿಯ ಮೇಲೆ ಐದು ಸ್ಥಾನಗಳಲ್ಲಿ ತೂತು ಇರುವ ಅಥವಾ ಇಲ್ಲದಿರುವ ಒಂದು ಸಾಲು. ಲೊರೆಂಟ್ಸ್ ಯಂತ್ರದಲ್ಲಿ 12 ಚಕ್ರಗಳು, ಅವುಗಳ ಅಂಚಿನಲ್ಲಿ ಒಟ್ಟು 501 ಪಿನ್ನುಗಳು. ಚಕ್ರಗಳು ತಿರುಗುತ್ತಾ ಪ್ರತಿ ಅಕ್ಷರಕ್ಕೂ ಇನ್ನೊಂದು ಅಕ್ಷರವನ್ನು ಕೂಡಿಸುತ್ತವೆ. ಕೂಡಿಸುವ ಲೆಕ್ಕ ಹೀಗೆ: ಎರಡೂ ಒಂದೇ ಆಗಿದ್ದರೆ ತೂತಿಲ್ಲ, ಬೇರೆಯಾಗಿದ್ದರೆ ತೂತು. ಈ ಲೆಕ್ಕದ ಸೊಗಸೆಂದರೆ ಅದೇ ಅಕ್ಷರವನ್ನು ಎರಡನೆಯ ಸಲ ಕೂಡಿಸಿದರೆ ಮೊದಲಿನದು ಹಾಗೇ ಹಿಂದಿರುಗುತ್ತದೆ. ಹೀಗಾಗಿ ಅತ್ತ ಕಡೆಯ ಯಂತ್ರದಲ್ಲಿ ಚಕ್ರಗಳನ್ನು ಅದೇ ಸ್ಥಾನಗಳಲ್ಲಿ ಇಟ್ಟರೆ ಸಂದೇಶ ತಾನಾಗಿ ಬಿಡಿಸಿಕೊಳ್ಳುತ್ತದೆ.

1941ರ ಆಗಸ್ಟ್ 30ರಂದು ಜರ್ಮನ್ ನಿರ್ವಾಹಕನೊಬ್ಬ ಸುಮಾರು ನಾಲ್ಕು ಸಾವಿರ ಅಕ್ಷರಗಳ ಸಂದೇಶವೊಂದನ್ನು ಚಕ್ರಗಳ ಸ್ಥಾನ ಬದಲಿಸದೆ, ಅಲ್ಲಲ್ಲಿ ಪದಗಳನ್ನು ಮೊಟಕುಗೊಳಿಸಿ, ಎರಡನೆಯ ಸಲ ಕಳುಹಿಸಿದ. ಅದೊಂದು ತಪ್ಪು ಸಾಕಾಯಿತು. ಜಾನ್ ಟಿಲ್ಟ್‌ಮನ್ ಆ ಎರಡನ್ನೂ ಬೇರ್ಪಡಿಸಿದರು. ಬಿಲ್ ಟಟ್ ಎಂಬ ತರುಣ, ತಾನು ಎಂದೂ ಕಣ್ಣಿನಿಂದ ಕಂಡಿರದ ಯಂತ್ರದ ಒಳರಚನೆಯನ್ನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕಹಾಕಿ ತೆಗೆದರು. ಮುಂದೆ ಪ್ರತಿಯೊಂದು ಸಂದೇಶದ ಚಕ್ರ ಸ್ಥಾನಗಳನ್ನು ಹುಡುಕುವ ದಾರಿಯನ್ನೂ ಟಟ್ ಅವರೇ ತೋರಿಸಿದರು: ಮೊದಲು ಎರಡು ಚಕ್ರಗಳನ್ನು ಮಾತ್ರ ತೆಗೆದುಕೊಳ್ಳಿ, ಒಂದರಲ್ಲಿ 41 ಸ್ಥಾನ, ಇನ್ನೊಂದರಲ್ಲಿ 31, ಒಟ್ಟು 1271 ಸಾಧ್ಯತೆಗಳು, ಪ್ರತಿಯೊಂದಕ್ಕೂ ಇಡೀ ಸಂದೇಶವನ್ನು ಹೋಲಿಸಿ ಎಣಿಸಿ, ಸರಿಯಾದ ಸ್ಥಾನದಲ್ಲಿ ಎಣಿಕೆ ಉಳಿದವುಗಳಿಗಿಂತ ಸ್ವಲ್ಪ ಮೇಲೇರುತ್ತದೆ. ಆ ಸ್ವಲ್ಪವೇ ಸುಳಿವು. ಮನುಷ್ಯರು ಕೂತು ಇದನ್ನು ಎಣಿಸುವ ಹೊತ್ತಿಗೆ ಯುದ್ಧವೇ ಮುಗಿದಿರುತ್ತಿತ್ತು.

ಎಣಿಸಲು ನ್ಯೂಮನ್ ಮೊದಲು ಮಾಡಿಸಿದ ಯಂತ್ರಕ್ಕೆ ಹೀತ್ ರಾಬಿನ್ಸನ್ ಎಂಬ ಹೆಸರು ಬಿತ್ತು. ಅದರಲ್ಲಿ ಎರಡು ಕಾಗದದ ಪಟ್ಟಿಗಳು ಜೊತೆಜೊತೆಯಾಗಿ ಓಡಬೇಕು, ಒಂದರಲ್ಲಿ ಸಂದೇಶ, ಇನ್ನೊಂದರಲ್ಲಿ ಚಕ್ರಗಳ ಮಾದರಿ. ಹಲ್ಲುಗಾಲಿ ಎಳೆಯುವ ರಭಸಕ್ಕೆ ಕಾಗದ ಹಿಗ್ಗುತ್ತಿತ್ತು, ತೂತುಗಳು ಹರಿಯುತ್ತಿದ್ದವು, ಎರಡೂ ಪಟ್ಟಿಗಳ ಹೆಜ್ಜೆ ತಪ್ಪುತ್ತಿತ್ತು. ಒಂದೇ ಸಂದೇಶವನ್ನು ಎರಡು ಸಲ ಓಡಿಸಿದರೆ ಎರಡು ಉತ್ತರ. ಇದನ್ನು ಸರಿಪಡಿಸಲು ನೆರವು ಕೇಳಿದಾಗ ಫ್ಲವರ್ಸ್ ಕೊಟ್ಟ ಉತ್ತರ ಯಾರೂ ನಿರೀಕ್ಷಿಸದಂಥದ್ದು. ಎರಡನೆಯ ಪಟ್ಟಿಯೇ ಬೇಡ, ಚಕ್ರಗಳ ಮಾದರಿಯನ್ನು ಯಂತ್ರದೊಳಗೇ ವಿದ್ಯುತ್ತಿನಿಂದ ಹುಟ್ಟಿಸೋಣ. ಉಳಿಯುವ ಒಂದು ಪಟ್ಟಿಯನ್ನು ಹಲ್ಲುಗಾಲಿಯಿಂದ ಎಳೆಯುವುದೂ ಬೇಡ, ನಯವಾದ ರಾಟೆಗಳ ಮೇಲೆ ಓಡಿಸಿ ಬೆಳಕಿನಿಂದ ಓದೋಣ. ಪಟ್ಟಿಯ ನಡುವಿನ ಸಣ್ಣ ತೂತುಗಳ ಸಾಲೇ ಯಂತ್ರಕ್ಕೆ ಗಡಿಯಾರವಾಗಲಿ. ಆಗ ಪಟ್ಟಿ ಯಾವ ವೇಗದಲ್ಲಿ ಓಡಿದರೂ ಯಂತ್ರ ಅದರ ತಾಳಕ್ಕೇ ನಡೆಯುತ್ತದೆ. ಇಷ್ಟಕ್ಕೆಲ್ಲ ಬೇಕಾಗುವ ವಾಲ್ವುಗಳು ಸುಮಾರು 1600.

ಈ ಸಂಖ್ಯೆ ಕೇಳಿ ಬ್ಲೆಚ್ಲಿಯವರು ಹಿಂಜರಿದರು. ಇಷ್ಟು ವಾಲ್ವುಗಳು ಒಟ್ಟಿಗೆ ಕೆಲಸ ಮಾಡಲಾರವು, ಮಾಡಿದರೂ ಯಂತ್ರ ಸಿದ್ಧವಾಗುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ ಎಂಬ ಅನುಮಾನ ಅವರದು. ಅವರು ರಾಬಿನ್ಸನ್ ಮಾದರಿಯನ್ನೇ ಮುಂದುವರಿಸಲು ನಿರ್ಧರಿಸಿದರು. ಅವರನ್ನು ನಾನು ದೂರುವುದಿಲ್ಲ. ವಾಲ್ವುಗಳ ಬಗ್ಗೆ ಅವರು ಕಂಡಿದ್ದ ಅನುಭವ ನಮ್ಮ ಮನೆಯ ರೇಡಿಯೊದ ಅನುಭವವೇ ಆಗಿತ್ತು. ಫ್ಲವರ್ಸ್ ಡಾಲಿಸ್ ಹಿಲ್‌ಗೆ ಹಿಂದಿರುಗಿ, ತಮ್ಮ ನಿರ್ದೇಶಕ ಗಾರ್ಡನ್ ರಾಡ್ಲಿ ಅವರ ಬೆಂಬಲದಿಂದ ಯಂತ್ರವನ್ನು ತಾವೇ ಕಟ್ಟತೊಡಗಿದರು. ಸಿಡ್ನಿ ಬ್ರಾಡ್‌ಹರ್ಸ್ಟ್, ವಿಲಿಯಂ ಚಾಂಡ್ಲರ್, ಅಲೆನ್ ಕೂಂಬ್ಸ್ ಮುಂತಾದ ಸಹೋದ್ಯೋಗಿಗಳು ಜೊತೆಗಿದ್ದರು. ಎಕ್ಸ್‌ಚೇಂಜಿನ ಚೌಕಟ್ಟುಗಳು, ಎಕ್ಸ್‌ಚೇಂಜಿನ ಸ್ವಿಚ್ಚುಗಳು, ಎಕ್ಸ್‌ಚೇಂಜಿನ ಪ್ಲಗ್ಗುಗಳು. ಕೈಗೆ ಪರಿಚಿತವಾದ ಸಾಮಾನುಗಳಿಂದಲೇ ಯಂತ್ರ ಎದ್ದಿತು. ಕೆಲವು ಖರ್ಚನ್ನು ಫ್ಲವರ್ಸ್ ಸ್ವಂತ ಜೇಬಿನಿಂದ ಹಾಕಿದರು. ಹನ್ನೊಂದು ತಿಂಗಳಿಗೆ, 1943ರ ಡಿಸೆಂಬರಿನಲ್ಲಿ, ಡಾಲಿಸ್ ಹಿಲ್‌ನಲ್ಲಿ ಅದು ನಡೆಯಿತು. 1944ರ ಜನವರಿಯಲ್ಲಿ ಲಾರಿಗಳಲ್ಲಿ ಬ್ಲೆಚ್ಲಿಗೆ ಬಂತು. ಗಾತ್ರ ಕಂಡು ಕೊಲೊಸಸ್, ಅಂದರೆ ದೈತ್ಯ, ಎಂದರು.

ಬ್ಲೆಚ್ಲಿಯವರು ಮೊದಲು ಅದಕ್ಕೆ ಉತ್ತರ ಗೊತ್ತಿದ್ದ ಒಂದು ಲೆಕ್ಕವನ್ನೇ ಕೊಟ್ಟರು. ಅರ್ಧ ಗಂಟೆಯಲ್ಲಿ ಸರಿಯಾದ ಉತ್ತರ ಬಂತು. ನಂಬಿಕೆಯಾಗದೆ ಮತ್ತೆ ಓಡಿಸಿದರು, ಮತ್ತೆ ಓಡಿಸಿದರು. ಪ್ರತಿ ಸಲವೂ ಅದೇ ಉತ್ತರ. ಹೆಜ್ಜೆ ತಪ್ಪುವ ರಾಬಿನ್ಸನ್‌ಗೆ ಹೊಂದಿಕೊಂಡಿದ್ದವರಿಗೆ ವೇಗಕ್ಕಿಂತ ಹೆಚ್ಚು ಬೆರಗು ತಂದದ್ದು ಈ ಸ್ಥಿರತೆ. ಸೆಕೆಂಡಿಗೆ 5000 ಅಕ್ಷರಗಳನ್ನು ಅದು ಓದುತ್ತಿತ್ತು. ಐದು ಸಾವಿರ ಅಕ್ಷರಗಳ ಸಂದೇಶವಾದರೆ 1271 ಸುತ್ತುಗಳಿಗೆ ಸುಮಾರು 21 ನಿಮಿಷ ಎಂದು ಲೆಕ್ಕ ಹಾಕಿಕೊಳ್ಳಬಹುದು. ಪರೀಕ್ಷೆಗೆಂದು ವೇಗ ಏರಿಸುತ್ತಾ ಹೋದಾಗ ಸೆಕೆಂಡಿಗೆ 9700 ಅಕ್ಷರಗಳವರೆಗೂ ವಾಲ್ವುಗಳು ತಡೆದುಕೊಂಡವು, ಚೂರುಚೂರಾದದ್ದು ಕಾಗದ. 1944ರ ಫೆಬ್ರವರಿ 5ರಂದು ಕೊಲೊಸಸ್ ನಿಜವಾದ ಸಂದೇಶದ ಮೇಲೆ ಮೊದಲ ಕೆಲಸ ಮಾಡಿತು. ಫ್ಲವರ್ಸ್ ತಮ್ಮ ಡೈರಿಯಲ್ಲಿ ಅದರ ಬಗ್ಗೆ ಒಂದು ಸಾಲು ಬರೆದುಕೊಂಡರು, ಅದರ ಮುಂದಿನ ಸಾಲಿನಲ್ಲಿ ಮನೆಗೆ ಬರುವಾಗ ಕಾರು ಕೆಟ್ಟು ನಿಂತಿತು ಎಂದು ಬರೆದರು.

ಅನುಮಾನ ಪಟ್ಟವರೇ ಈಗ ಜೂನ್ 1ರೊಳಗೆ ಇನ್ನಷ್ಟು ಯಂತ್ರಗಳು ಬೇಕೆಂದರು. ಅಷ್ಟು ಸಾಧ್ಯವಿಲ್ಲ, ಒಂದನ್ನು ಕೊಡುತ್ತೇನೆ ಎಂದು ಫ್ಲವರ್ಸ್ ಮಾತು ಕೊಟ್ಟರು. ಎರಡನೆಯ ಮಾದರಿಯಲ್ಲಿ 2400 ವಾಲ್ವುಗಳು, ಐದು ಹೋಲಿಕೆಗಳು ಏಕಕಾಲಕ್ಕೆ, ಅಂದರೆ ಸೆಕೆಂಡಿಗೆ 25,000 ಅಕ್ಷರಗಳಷ್ಟು ಕೆಲಸ. ಗಡುವಿನ ಹಿಂದಿನ ರಾತ್ರಿ ಅದು ಇನ್ನೂ ಹಟ ಹಿಡಿದು ಕುಳಿತಿತ್ತು. ಎಲ್ಲರೂ ಸೋತು ಮಲಗಲು ಹೋದ ಮೇಲೆ ಚಾಂಡ್ಲರ್ ಒಬ್ಬರೇ ಉಳಿದು, ಬೆಳಗಾಗುವಷ್ಟರಲ್ಲಿ ದೋಷವನ್ನು ಹಿಡಿದು ಸರಿಪಡಿಸಿದರು. ರಾತ್ರಿ ಪಾಳಿಯಲ್ಲಿ ಒಂದು ದೋಷದ ಬೆನ್ನು ಹತ್ತಿ ಬೆಳಕು ಹರಿಯುವುದನ್ನು ಕಂಡ ಯಾರಿಗೇ ಆಗಲಿ ಆ ಮನುಷ್ಯನ ಮುಖ ಕಣ್ಣಿಗೆ ಕಟ್ಟುತ್ತದೆ. ಜೂನ್ 1ಕ್ಕೆ ಯಂತ್ರ ನಡೆಯಿತು, ಐದು ದಿನಗಳ ಮೇಲೆ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದವು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಕೊಲೊಸಸ್‌ಗಳು ಮಹಿಳಾ ನೌಕಾದಳದ ಯುವತಿಯರ ಕೈಯಲ್ಲಿ ಹಗಲು ರಾತ್ರಿ ಓಡುತ್ತಿದ್ದವು. ಅವುಗಳನ್ನು ಆರಿಸುತ್ತಿರಲಿಲ್ಲ.

ಆಮೇಲೆ ಆದದ್ದನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಎಂಟು ಯಂತ್ರಗಳನ್ನು ಬಿಚ್ಚಿಹಾಕಿದರು. ಎರಡನ್ನು ಗೂಢಚರ್ಯೆ ಇಲಾಖೆ ಇಟ್ಟುಕೊಂಡಿತು, 1960ರ ಸುಮಾರಿಗೆ ಅವೂ ಹೋದವು. ಎಲ್ಲ ದಾಖಲೆಗಳನ್ನು ನಾಶಮಾಡಬೇಕೆಂಬ ಆಜ್ಞೆ ಫ್ಲವರ್ಸ್ ಅವರಿಗೇ ಬಂತು. ಅವರು ನಕ್ಷೆಗಳು, ಟಿಪ್ಪಣಿಗಳು, ಕೊಲೊಸಸ್ ಬಗ್ಗೆ ಕಾಗದದ ಮೇಲಿದ್ದ ಎಲ್ಲವನ್ನೂ ಎತ್ತಿಕೊಂಡು ಹೋಗಿ ಡಾಲಿಸ್ ಹಿಲ್‌ನ ಬಾಯ್ಲರಿನ ಬೆಂಕಿಗೆ ಹಾಕಿ, ಉರಿದು ಹೋಗುವುದನ್ನು ನಿಂತು ನೋಡಿದರು. ಅದು ಘೋರವಾದ ತಪ್ಪು ಎಂದು ಮುಪ್ಪಿನಲ್ಲಿ ಅವರೇ ಹೇಳಿದ್ದಾರೆ. ಒಬ್ಬ ಎಂಜಿನಿಯರನಿಗೆ ತನ್ನ ಕೈಬರಹದ ನಕ್ಷೆ ಎಂದರೆ ಏನು ಎಂಬುದನ್ನು ಬಲ್ಲವರು ಆ ಬಾಯ್ಲರಿನ ಮುಂದಿನ ನಿಮಿಷಗಳನ್ನು ಊಹಿಸಿಕೊಳ್ಳಬಲ್ಲರು.

ಸರ್ಕಾರ ಅವರಿಗೆ ಸಾವಿರ ಪೌಂಡ್ ಕೊಟ್ಟಿತು. ಅವರು ಸ್ವಂತವಾಗಿ ಹಾಕಿದ ಹಣಕ್ಕೂ ಅದು ಸಾಲಲಿಲ್ಲ, ಸಾಲದ್ದಕ್ಕೆ ಅದರ ಬಹುಪಾಲನ್ನು ಅವರು ಜೊತೆಗೆ ದುಡಿದವರಿಗೆ ಹಂಚಿದರು. ಮುಂದೆ ಅಂಥದ್ದೇ ಇನ್ನೊಂದು ಯಂತ್ರ ಕಟ್ಟಲು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಸಾಲ ಕೇಳಿದಾಗ, ಇಂಥ ಯಂತ್ರ ನಡೆಯಲಾರದು ಎಂದು ಸಾಲ ನಿರಾಕರಿಸಿದರು. ಹತ್ತು ಯಂತ್ರಗಳನ್ನು ಕಟ್ಟಿ ನಡೆಸಿದ್ದೇನೆ ಎಂದು ಹೇಳುವ ಹಾಗಿರಲಿಲ್ಲ. 1946ರ ಫೆಬ್ರವರಿಯಲ್ಲಿ ಅಮೆರಿಕದವರು ಸುಮಾರು 18,000 ವಾಲ್ವುಗಳ ಎನಿಯಾಕ್ ಯಂತ್ರವನ್ನು ಲೋಕಕ್ಕೆ ತೋರಿಸಿದಾಗಲೂ ಅವರು ಸುಮ್ಮನಿರಬೇಕಾಯಿತು. ತಮ್ಮದೇ ಇಲಾಖೆಯಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಸಾಧ್ಯ ಎಂದು ವಾದಿಸುವಾಗಲೂ ಅವರ ಬಳಿಯಿದ್ದ ಅತಿ ದೊಡ್ಡ ಪುರಾವೆಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಕೇಳುವವರು ಒಪ್ಪುತ್ತಲೂ ಇರಲಿಲ್ಲ. 1962ರಲ್ಲಿ ಲಂಡನ್ನಿನ ಹೈಗೇಟ್ ವುಡ್‌ನಲ್ಲಿ ಪ್ರಾಯೋಗಿಕ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ತೆರೆಯಿತು. 1964ರಲ್ಲಿ ಅವರು ಇಲಾಖೆ ಬಿಟ್ಟು ಖಾಸಗಿ ಕಂಪನಿಗೆ ಹೋದರು, 1969ರಲ್ಲಿ ನಿವೃತ್ತರಾದರು. ಮನೆಯವರಿಗೆ ತಿಳಿದಿದ್ದದ್ದು ಯುದ್ಧಕಾಲದಲ್ಲಿ ಅವರು ಏನೋ ಗುಟ್ಟಿನ, ಮುಖ್ಯವಾದ ಕೆಲಸ ಮಾಡಿದ್ದರು ಎಂಬಷ್ಟೇ.

ಕೊಲೊಸಸ್ ಪ್ರಪಂಚದ ಮೊದಲ ಕಂಪ್ಯೂಟರ್ ಎಂದು ಕೆಲವರು ಬರೆಯುತ್ತಾರೆ. ಆ ಮಾತನ್ನು ನಾನು ಅಷ್ಟು ಸಲೀಸಾಗಿ ಹೇಳಲಾರೆ. ಜರ್ಮನಿಯಲ್ಲಿ ಕೊನ್ರಾಡ್ ತ್ಸೂಸೆ 1941ರಲ್ಲೇ ರಿಲೇಗಳ ಗಣಕವನ್ನು ನಡೆಸಿದ್ದರು. ಎನಿಯಾಕ್ ಯಾವ ಬಗೆಯ ಲೆಕ್ಕವನ್ನಾದರೂ ಮಾಡಬಲ್ಲದಾಗಿತ್ತು, ಕೊಲೊಸಸ್ ಗೂಢಲಿಪಿಯ ಕೆಲಸಕ್ಕೆಂದೇ ಹುಟ್ಟಿದ್ದು. ಸ್ವಿಚ್ಚು ಪ್ಲಗ್ಗುಗಳಿಂದ ಅದರ ಎಣಿಕೆಯ ನಿಯಮಗಳನ್ನು ಬದಲಿಸಬಹುದಿತ್ತಾದರೂ ಆದೇಶಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಆದರೆ ಸಾವಿರಾರು ವಾಲ್ವುಗಳು ಒಂದೇ ಯಂತ್ರವಾಗಿ, ತಪ್ಪಿಲ್ಲದೆ, ತಿಂಗಳುಗಟ್ಟಲೆ ಲೆಕ್ಕ ಮಾಡಬಲ್ಲವು ಎಂಬುದನ್ನು ಕಣ್ಣಾರೆ ತೋರಿಸಿದ್ದು ಅದೇ. ನೋಡಿದವರಲ್ಲಿ ನ್ಯೂಮನ್ ಒಬ್ಬರು, ಟ್ಯೂರಿಂಗ್ ಇನ್ನೊಬ್ಬರು. ನ್ಯೂಮನ್ ಮ್ಯಾಂಚೆಸ್ಟರಿಗೆ ಹೋಗಿ ಗಣಕ ಪ್ರಯೋಗಾಲಯ ಸ್ಥಾಪಿಸಿದರು, ಅದೇ ವಿಶ್ವವಿದ್ಯಾಲಯದಲ್ಲಿ 1948ರ ಜೂನ್ 21ರಂದು ಆದೇಶಗಳನ್ನು ತನ್ನ ನೆನಪಿನಲ್ಲೇ ಹೊತ್ತ ಮೊದಲ ಎಲೆಕ್ಟ್ರಾನಿಕ್ ಯಂತ್ರ ಓಡಿತು. ಹೆಸರು ಹೇಳದ ಒಂದು ಋಣ ಆ ಯಂತ್ರದಲ್ಲೂ ಇದೆ ಎಂದೇ ನನ್ನ ಎಣಿಕೆ.

1970ರ ದಶಕದಲ್ಲಿ ಇತಿಹಾಸಕಾರ ಬ್ರಯಾನ್ ರಾಂಡೆಲ್ ಅವರ ಪ್ರಯತ್ನದಿಂದ ಗುಟ್ಟು ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡಿತು. 1975ರಲ್ಲಿ ಸರ್ಕಾರ ಕೆಲವು ಛಾಯಾಚಿತ್ರಗಳನ್ನು ಬಿಡುಗಡೆ ಮಾಡಿತು. 1977ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯ ಫ್ಲವರ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1990ರ ದಶಕದಲ್ಲಿ ಟೋನಿ ಸೇಲ್ ಎಂಬವರು ಕೊಲೊಸಸ್ಸನ್ನು ಮತ್ತೆ ಕಟ್ಟಲು ಹೊರಟಾಗ ಅವರ ಕೈಯಲ್ಲಿದ್ದದ್ದು ಕೆಲವು ಫೋಟೊಗಳು ಮತ್ತು ಹಳೆಯ ಎಂಜಿನಿಯರುಗಳು ಆಜ್ಞೆ ಮೀರಿ ಉಳಿಸಿಕೊಂಡಿದ್ದ ನಕ್ಷೆಯ ತುಂಡುಗಳು ಮಾತ್ರ. 1996ರ ಜೂನ್ 6ರಂದು ಅದನ್ನು ಮೊದಲ ಬಾರಿ ಸಾರ್ವಜನಿಕವಾಗಿ ಚಾಲನೆ ಮಾಡಿದಾಗ ತೊಂಬತ್ತು ವರ್ಷದ ಫ್ಲವರ್ಸ್ ಅಲ್ಲಿದ್ದರು. ಅದಕ್ಕೂ ಮುಂಚೆ, 1993ರಲ್ಲಿ, ಅವರು ಲಂಡನ್ನಿನ ಹೆಂಡನ್ ಕಾಲೇಜಿನಲ್ಲಿ ಪರ್ಸನಲ್ ಕಂಪ್ಯೂಟರ್ ಬಳಕೆಯ ಪ್ರಾಥಮಿಕ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದಿದ್ದರು. 1998ರ ಅಕ್ಟೋಬರ್ 28ರಂದು ತೀರಿಕೊಂಡರು.

ಮಗಳು ಇಂಗ್ಲೆಂಡಿನಲ್ಲಿರುವುದರಿಂದ ಆ ಮರುನಿರ್ಮಿತ ಯಂತ್ರವನ್ನು ನೋಡುವ ಭಾಗ್ಯ ನನಗೂ ಬಂತು. ಬ್ಲೆಚ್ಲಿ ಪಾರ್ಕಿನ ಎಚ್ ಬ್ಲಾಕಿನಲ್ಲಿ, ಯುದ್ಧಕಾಲದಲ್ಲಿ ಒಂಬತ್ತನೆಯ ಕೊಲೊಸಸ್ ನಿಂತಿದ್ದ ಜಾಗದಲ್ಲೇ ಅದು ಇದೆ. ಒಳಗೆ ಕಾಲಿಟ್ಟಾಗ ಮೊದಲು ಮುಟ್ಟಿದ್ದು ಶಾಖ. ಆಮೇಲೆ ಮೂಗಿಗೆ ಬಂದದ್ದು ಬಿಸಿ ಧೂಳಿನ, ಕಾದ ತಂತಿಯ ವಾಸನೆ, ನಮ್ಮ ರೇಡಿಯೊದ ಹಿಂಬದಿಯದೇ. ಮಂಚದಂಥ ಚೌಕಟ್ಟಿನ ಮೇಲೆ ಕಾಗದದ ಪಟ್ಟಿ ರಾಟೆಯಿಂದ ರಾಟೆಗೆ ಒಂದೇ ಸಮನೆ ಸುತ್ತುತ್ತಿತ್ತು, ತೂತುಗಳು ಕಣ್ಣಿಗೆ ಸಿಗದೆ ಬರೀ ಬಿಳಿ ಗೆರೆಯಾಗಿದ್ದವು. ಹಿಂದೆ ಸಾಲುಸಾಲಾಗಿ ವಾಲ್ವುಗಳು ಕೆಂಡದ ಬಣ್ಣದಲ್ಲಿ ಉರಿಯುತ್ತಿದ್ದವು. ಚೌಕಟ್ಟುಗಳನ್ನೂ ಸ್ವಿಚ್ಚುಗಳನ್ನೂ ನೋಡಿದ ಕೂಡಲೇ ಗುರುತು ಹತ್ತಿತು, ಮೂವತ್ತು ವರ್ಷ ನಾನು ಒರೆಸಿ, ತಿದ್ದಿ, ಬದಲಿಸಿದ ಸಾಮಾನುಗಳ ನೆಂಟರು ಅವು. ಒಂದು ಸ್ವಿಚ್ಚು ತನ್ನ ಜಾಗದಿಂದ ಮುಂದಿನ ಜಾಗಕ್ಕೆ ಟಕ್ ಎಂದು ಜರುಗಿದ ಸದ್ದಿಗೆ ನನ್ನ ಕೈ ತಾನಾಗಿ ಅಂಗಿಯ ಜೇಬಿನ ಕಡೆಗೆ, ಪಾಳಿಯಲ್ಲಿದ್ದಾಗ ನಾನು ಸದಾ ಇಟ್ಟುಕೊಳ್ಳುತ್ತಿದ್ದ ಸಣ್ಣ ಸ್ಕ್ರೂಡ್ರೈವರಿನ ಕಡೆಗೆ, ಹೋಯಿತು.